ಮೂರು ಮೂರು ಚುಕ್ಕಿ

“ಮೇಜಿಗೆ ತಾಗಬೇಡಿ, ಅಲ್ಲಾಡುತ್ತೆ,” ಎಂದ ಪರೀಕ್ಷಕ, ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ. ಅತ್ತೆ ಮೊಣಕೈ ಹಿಂದಕ್ಕೆಳೆದುಕೊಂಡಳು. ಸೊಸೆ ಮೊದಲೇ ಗೋಡೆಗೊರಗಿ ನಿಂತಿದ್ದಳು.

ಗಾಜಿನ ಮೇಲಿದ್ದದ್ದು ಉಗುರಗಲದ ಚರ್ಮ. ಗೋದಾಮು ಸುಟ್ಟ ಮೇಲೆ ಸಿಕ್ಕ, ಗುರುತು ಹತ್ತದ ಶವವೊಂದರ ಮಣಿಕಟ್ಟಿಗೆ ಅಂಟಿಕೊಂಡಿದ್ದ ವಾಚಿನ ಪಟ್ಟಿಯ ತುಂಡು. ಆ ಗೋದಾಮಿನ ಕಾವಲುಗಾರ ಸೊಸೆಯ ಗಂಡ. ಬೆಂಕಿ ಬಿದ್ದ ದಿನದಿಂದ ಅವನು ಮನೆಗೆ ಬಂದಿಲ್ಲ. ಮೂಳೆಗಳ ಪರೀಕ್ಷೆಯಿಂದ ಏನೂ ತಿಳಿದಿರಲಿಲ್ಲ. ಅವನ ವಾಚಿನ ಪಟ್ಟಿ ಎಂಥದ್ದೆಂದು ಪೊಲೀಸರು ಕೇಳಿದಾಗ, “ಕರುವಿನ ಚರ್ಮದ್ದು, ನಾನೇ ಕೊಂಡಿದ್ದು,” ಎಂದು ಅವಳು ಹೇಳಿದ್ದಳು. ಅಂಗಡಿಯವನು ಹಾಗೆಂದೇ ಆಣೆಯಿಟ್ಟು ಮಾರಿದ್ದ.

“ಹೆತ್ತ ಕರುಳು ಹೇಳ್ತಿದೆ, ಅದು ನನ್ನ ಮಗನದಲ್ಲ,” ಎಂದಳು ಅತ್ತೆ. “ಇವಳನ್ನ ನೋಡಿ. ಗುಂಡುಕಲ್ಲು. ಇವಳಿಗೆ ಅಳೋಕೂ ಯಾರಾದ್ರೂ ಹೇಳಿಕೊಡಬೇಕು.”

ಸೊಸೆಗೆ ಏನೂ ಅನಿಸಲಿಲ್ಲ. ಮೂಲೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಅದನ್ನು ಕೇಳುತ್ತಿದ್ದಳು.

ಪರೀಕ್ಷಕ ತಲೆಯೆತ್ತಿದ. “ಕರು ಅಲ್ಲಮ್ಮ. ಹಂದಿ.”

“ಹಂದಿಯಾ?”

“ಕೂದಲಿದ್ದ ಕಡೆ ತೂತು ಉಳಿದಿರುತ್ತೆ. ಕರುವಿನದಾದ್ರೆ ಸಣ್ಣಗೆ, ಒತ್ತೊತ್ತಾಗಿ, ಒಂದೇ ಸಮ. ಹಂದೀದು ಹೀಗೆ.” ಕಾಗದದ ಮೇಲೆ ಪೆನ್ನಿನಿಂದ ಮೂರು ಚುಕ್ಕಿ ಇಟ್ಟ. ಸ್ವಲ್ಪ ಜಾಗ ಬಿಟ್ಟು ಮತ್ತೆ ಮೂರು.

ಅತ್ತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ನಗು ಸೋರಿತು. “ಎಲ್ಲೋ ಇದಾನೆ ಕಳ್ಳ. ಬರಲಿ, ಕಿವಿ ಹಿಂಡ್ತೀನಿ.”

ಸೊಸೆ ಕಾಗದ ನೋಡುತ್ತಿದ್ದಳು. ಬಸ್ಸಿಗೆ ಕಾಯುವಾಗಲೆಲ್ಲ ಗಂಡನ ಕೈಯನ್ನು ಮಡಿಲಿಗೆಳೆದುಕೊಂಡು, ಆ ಪಟ್ಟಿಯ ಮೇಲಿನ ಚುಕ್ಕಿಗಳನ್ನು ಉಗುರಿನಿಂದ ಸೇರಿಸಿ ಸೇರಿಸಿ ತ್ರಿಕೋನ ಬರೆಯುತ್ತಿದ್ದಳು. “ನಿನ್ನ ಕರುವಿಗೆ ಸಿಡುಬು ಬಂದಿತ್ತು ಕಣೇ,” ಎಂದು ಅವನು ನಗುತ್ತಿದ್ದ. ಎಲ್ಲ ಮೂರು ಮೂರೇ. ಎಲ್ಲಿಯೂ ತಪ್ಪಿರಲಿಲ್ಲ.

“ನೀವು ಹೇಳಿದ್ದಕ್ಕೂ ಇದಕ್ಕೂ ತಾಳೆಯಿಲ್ಲ. ನಿಮ್ಮವರದಲ್ಲ ಅಂತಲೇ ವರದಿ ಹೋಗುತ್ತೆ,” ಎನ್ನುತ್ತ ಪರೀಕ್ಷಕ ಎದ್ದು, ಸ್ಟೂಲನ್ನು ಅವಳ ಕಡೆ ಸರಿಸಿದ. “ಬನ್ನಿ, ನೀವೂ ಒಂದ್ಸಲ ಕಣ್ಣಿಟ್ಟು ನೋಡಿ. ಮನಸ್ಸಿಗೆ ಸಮಾಧಾನ ಆಗುತ್ತೆ.”

“ನೋಡೇ, ಹೋಗು,” ಎಂದು ಅತ್ತೆ ಅವಳ ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ನೂಕಿದಳು. ಆ ಕೈ ಬೆಚ್ಚಗಿತ್ತು.

“ಬೇಡ,” ಎಂದಳು ಸೊಸೆ.