ಏಟಿಗೆ ಮುಂಚಿನ ಮಾತು

ಕುರ್ಚಿ ಮೇಡಂ ಎಂದು ಅವಳಿಗೆ ಹೆಸರಿಟ್ಟವರು ವಾರ್ಡಿನ ರೋಗಿಗಳು. ಬಂದ ದಿನವೇ ಸ್ಟೋರಿನಿಂದ ಒಂದು ಕಬ್ಬಿಣದ ಕುರ್ಚಿ ಎಳೆದು ತಂದು ಕಾರಿಡಾರಿನ ತಿರುವಿನಲ್ಲಿ ಹಾಕಿಕೊಂಡು ಕೂತಿದ್ದೇ ಕೂತಿದ್ದು, ಆಮೇಲೆ ಅವಳನ್ನು ಬೇರೆ ಹೆಸರಿನಿಂದ ಕರೆದವರಿಲ್ಲ. ಅವಳು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಮನಶ್ಶಾಸ್ತ್ರದಲ್ಲಿ ಸಂಶೋಧನೆ ಮಾಡುವವಳು. ಆ ವಾರ್ಡಿನಲ್ಲಿದ್ದವರೆಲ್ಲ ಮನಸ್ಸು ಕೆಟ್ಟ ಕಾಲದಲ್ಲಿ ಯಾರನ್ನೋ ಹೊಡೆದು ಬಡಿದು, ಇವರಿಗೆ ಬೇಕಾದ್ದು ಜೈಲಲ್ಲ ಚಿಕಿತ್ಸೆ ಎಂದು ಕೋರ್ಟು ಕಳಿಸಿಕೊಟ್ಟ ಜನ. ಔಷಧಿಯಿಂದ ಬಹಳಷ್ಟು ಮಂದಿ ಸರಿಹೋಗಿದ್ದರು. ಆದರೂ ಆಗಾಗ ಯಾರೋ ಕೈ ಎತ್ತುತ್ತಿದ್ದರು. ಏಟು ಬೀಳುವುದಕ್ಕೆ ಸ್ವಲ್ಪ ಮುಂಚೆ ಅಲ್ಲಿ ಏನು ನಡೆಯುತ್ತದೆ? ಅದನ್ನು ಕಂಡುಹಿಡಿಯುವುದೇ ಅವಳ ಕೆಲಸ.

ಸುಮ್ಮನೆ ಕೂತು ನೋಡುವುದೂ ಒಂದು ಕೆಲಸವೇ ಎಂದು ನೀವು ಮೂಗು ಮುರಿಯಬಹುದು. ಅವಳಮ್ಮನೂ ಮುರಿದಿದ್ದರು. ಆದರೆ ಮಗಳು ಹುಟ್ಟಿದಾಗಿನಿಂದ ಹಾಗೇ. ಚಿಕ್ಕವಳಿದ್ದಾಗ ಪಕ್ಕದ ಮನೆಯಲ್ಲಿ ದನಿ ಏರಿದರೆ ಸಾಕು, ಉಣ್ಣುವ ತಟ್ಟೆ ಬಿಟ್ಟು ಕಿಟಕಿಗೆ ಓಡುತ್ತಿದ್ದಳು. ಜಗಳ ನೋಡಲಿಕ್ಕಲ್ಲ, ಅದು ಯಾವ ಮಾತಿನಿಂದ ಶುರುವಾಯಿತು ಎಂದು ತಿಳಿಯಲಿಕ್ಕೆ. ಬೇರೆಯವರ ವಿಷಯಕ್ಕೆ ಮೂಗು ತೂರಿಸಬೇಡ ಎಂದು ಬೈಸಿಕೊಂಡು ಬೆಳೆದವಳಿಗೆ ಈಗ ಅದಕ್ಕೇ ಸಂಬಳ ಬರುತ್ತಿತ್ತು.

ಏಟಿಗೆ ಕಾರಣ ಏನೆಂದು ಕೇಳಿದರೆ ಆ ಆಸ್ಪತ್ರೆಯಲ್ಲಿ ತಲೆಗೊಂದು ಉತ್ತರ. ದೊಡ್ಡ ಡಾಕ್ಟರಿಗೆ ಗುಳಿಗೆಯ ಪ್ರಮಾಣ. ಅವಳ ಪ್ರೊಫೆಸರಿಗೆ ಸೆಖೆ. ಅಡುಗೆಮನೆಯವರಿಗೆ ಕೊಬ್ಬು. ಅವಳು ಎಲ್ಲರ ಮಾತಿಗೂ ತಲೆಯಾಡಿಸಿದಳು, ಒಬ್ಬರನ್ನೂ ನಂಬಲಿಲ್ಲ. ಅವಳ ತಲೆಗೆ ಹುಳ ಬಿಟ್ಟಿದ್ದು ಬೇರೆಯೇ ಸಂಗತಿ.

ವಾರ್ಡಿನ ಹಿರಿಯ ನರ್ಸನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಬೆಣ್ಣೆಯಂಥ ಹೆಂಗಸು. ಯಾರನ್ನೂ ಗದರಿದವರಲ್ಲ. ರೋಗಿ ಏನೇ ಕೇಳಲಿ, ಹೆಗಲ ಮೇಲೆ ಕೈಯಿಟ್ಟು ನಾಲ್ಕು ಸಮಾಧಾನದ ಮಾತಾಡಿಯೇ ಮುಂದಕ್ಕೆ ಹೋಗುವವರು. ಪೆಟ್ಟು ತಿಂದವರಲ್ಲಿ ಮೊದಲ ಹೆಸರು ಅವರದೇ. ಇನ್ನೊಬ್ಬ ಅಟೆಂಡರ್ ಇದ್ದ. ಊದಿದರೆ ಹಾರಿಹೋಗುವಂಥ ಆಳು, ಮಾತು ಮಾತ್ರ ಮುಖಕ್ಕೆ ಹೊಡೆದ ಹಾಗೆ. ಇನ್ನೊಂದು ಕಂಬಳಿ ಸಿಗತ್ತಾ ಎಂದರೆ "ಇಲ್ಲಪ್ಪ." ಫೋನ್ ಮಾಡ್ಲಾ ಎಂದರೆ "ಇಲ್ಲಪ್ಪ, ಇವತ್ತು ನಿನ್ನ ಸರದಿ ಅಲ್ಲ." ಹೀಗಾಗಿ ಅವನ ಹೆಸರೇ ಇಲ್ಲಪ್ಪ ಎಂದಾಗಿ, ಆಫೀಸಿನ ಗುಮಾಸ್ತನೂ ಹಾಗೇ ಕೂಗುತ್ತಿದ್ದ. ಬೆನ್ನ ಹಿಂದೆ ಅವನನ್ನು ಬೈಯದವರಿಲ್ಲ. ಆದರೆ ಇಷ್ಟು ವರ್ಷದಲ್ಲಿ ಅವನ ಮೈಮೇಲೆ ಒಂದು ಏಟೂ ಬಿದ್ದಿರಲಿಲ್ಲ.

ಒಳ್ಳೆಯವರಿಗೆ ಪೆಟ್ಟು, ಒರಟನಿಗೆ ಏನೂ ಇಲ್ಲ. ಇದ್ಯಾವ ನ್ಯಾಯ? ಒಳ್ಳೆಯತನಕ್ಕೆ ಕಾಲವಿಲ್ಲ ಬಿಡಿ ಎಂದು ನಿಟ್ಟುಸಿರು ಬಿಟ್ಟು ಸುಮ್ಮನಾಗುವುದು ನಾವು ನೀವು. ಅವಳು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

ವಾರ್ಡಿನಲ್ಲಿ ಒಬ್ಬ ಬಡಗಿ ಇದ್ದ. ಅಪ್ಪ ಹೋದ ಮೇಲೆ ಅವನನ್ನು ಸಾಕಿ, ಕೈಗೆ ಉಳಿ ಕೊಟ್ಟು ಕೆಲಸ ಕಲಿಸಿದ್ದು ಅಣ್ಣ. ಕಾಯಿಲೆ ತಲೆಗೇರಿದಾಗ ಆ ಅಣ್ಣನೇ ತನಗೆ ವಿಷ ಹಾಕುತ್ತಿದ್ದಾನೆ ಎಂದು ಇವನಿಗೆ ಖಾತ್ರಿಯಾಗಿ, ಕೆಲಸದ ನಡುವೆಯೇ ಸುತ್ತಿಗೆ ಬೀಸಿದ್ದ. ಅಣ್ಣ ಕೈ ಅಡ್ಡ ಹಿಡಿದು ಬದುಕಿದ, ತಮ್ಮ ಇಲ್ಲಿಗೆ ಬಂದ. ಈಗ ತಲೆ ತಿಳಿಯಾಗಿತ್ತು. ದಿನಾ ಮರಗೆಲಸದ ಕೋಣೆಯಲ್ಲಿ ಕೂತು ಆಸ್ಪತ್ರೆಯ ಹಳೇ ಮೇಜು ಬೆಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿ ನಯ ಮಾಡುತ್ತಿದ್ದ. ಎದುರಿಗೆ ಸಿಕ್ಕವರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದ: ನನ್ನನ್ನ ಮನೆಗೆ ಯಾವಾಗ ಕಳಿಸ್ತೀರಿ?

ಒಂದು ದಿನ ಪ್ರಶ್ನೆ ಕುರ್ಚಿಯ ಹತ್ತಿರಕ್ಕೇ ಬಂತು.

"ಮೇಡಂ, ನೀವು ಡಾಕ್ಟರ ಜೊತೆ ಮಾತಾಡ್ತಿರ್ತೀರಲ್ಲ. ನಾನು ಮನೆಗೆ ಹೋಗೋದು ಯಾವಾಗ ಅಂತ ಒಂದು ಮಾತು ಕೇಳಿ ಹೇಳ್ತೀರಾ?"

ಅಂಥ ವಿಷಯ ಕೇಳುವ ಅಧಿಕಾರ ಅವಳಿಗಿರಲಿಲ್ಲ. ಹಾಗೆಂದು ಹೇಳಲಿಕ್ಕೆ ಬಾಯಿ ಬರಲಿಲ್ಲ. ಮುಖ ನೋಡಿದರೆ ಪಾಪ ಅನ್ನಿಸಿತು. "ನೋಡೋಣ," ಎಂದು ನಕ್ಕಳು.

ಬಡಗಿಯ ದವಡೆ ಬಿಗಿಯಿತು. ಪಕ್ಕದಲ್ಲಿದ್ದ ಸ್ಟೂಲನ್ನು ಎತ್ತಿ ಗೋಡೆಗೆ ಅಪ್ಪಳಿಸಿದ. ಮುರಿದ ಕಾಲೊಂದು ಅವಳ ಕಿವಿಯ ಪಕ್ಕದಲ್ಲೇ ಹಾರಿಹೋಯಿತು.

"ನೋಡೋಣ ನೋಡೋಣ ಅಂತೀರಲ್ಲ ಎಲ್ಲರೂ, ಯಾರು ನೋಡಿದ್ರಿ? ಒಬ್ಬರಾದ್ರೂ ನೋಡಿದ್ರಾ?"

ಜನ ಓಡಿ ಬಂದು ಅವನನ್ನು ಹಿಡಿದುಕೊಂಡರು. ಸಂಜೆ ದೊಡ್ಡ ಡಾಕ್ಟರು ಖಡಾಖಂಡಿತವಾಗಿ ಹೇಳಿದರು, ಇದೇ ಕೊನೆ. ಇನ್ನೊಂದು ಸಲ ಕೈ ಎತ್ತಿದರೆ ಹಿಂದಿನ ಕಟ್ಟಡ. ಹಿಂದಿನ ಕಟ್ಟಡ ಎಂದರೆ ಕಬ್ಬಿಣದ ಬಾಗಿಲು, ಬೆಳಗಿನಿಂದ ಸಂಜೆವರೆಗೆ ನಾಲ್ಕು ಗೋಡೆ. ಅಲ್ಲಿ ಮರವಿಲ್ಲ, ಕೆಲಸವಿಲ್ಲ. ಅಲ್ಲಿಗೆ ಹೋದವರು ಇತ್ತ ಬರುವುದು ಅಪರೂಪ.

ಕುರ್ಚಿ ಮೇಡಂ ಮತ್ತೆ ಬಂದು ತನ್ನ ಕುರ್ಚಿಯಲ್ಲಿ ಕೂತಳು. ಹೆದರಿಕೆಯಾಗಿತ್ತು, ನಾಚಿಕೆಯೂ ಆಗಿತ್ತು. ಆದರೆ ಕುತೂಹಲಕ್ಕೆ ಹೊತ್ತುಗೊತ್ತು ಎಲ್ಲಿದೆ? ಕೂತಲ್ಲೇ ಅವಳು ಯೋಚಿಸಿದಳು: ನಾನು ಅಂಥದ್ದೇನು ಅಂದೆ? ಇಷ್ಟು ದಿನ ರೋಗಿಗಳು ಏನು ಅಂದರು, ಏನು ಮಾಡಿದರು ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದಳೇ ಹೊರತು, ಅವರಿಗೆ ಯಾರು ಏನು ಅಂದರು ಎನ್ನುವ ಕಡೆ ಕಿವಿ ಹೋಗಿರಲಿಲ್ಲ. ಹೊಡೆಯುವವರ ಮೇಲೆ ಕಣ್ಣಿಡುವುದು ಸುಲಭ. ದೊಡ್ಡಕ್ಕ ಹೆಗಲ ಮೇಲೆ ಕೈಯಿಟ್ಟು ಹೇಳುವ ಆ ಸಮಾಧಾನದ ಮಾತು ಯಾವುದು? ನೋಡೋಣ ಕಣಪ್ಪ. ನೋಡೋಣ ಬಿಡು. ಆಮೇಲೆ ನೋಡೋಣ. ಮತ್ತೆ ಆ ಕಡ್ಡಿ ಪೈಲ್ವಾನ್ ಅಟೆಂಡರನ ಹೆಸರೇನು? ಅವಳು ಹಣೆ ಚಚ್ಚಿಕೊಂಡಳು. ಇಡೀ ವಾರ್ಡು ಉತ್ತರವನ್ನು ಹೆಸರಾಗಿ ಕೂಗುತ್ತಿತ್ತು, ಅವಳು ತಮಾಷೆ ಎಂದುಕೊಂಡು ನಕ್ಕಿದ್ದಳು.

ಅಲ್ಲಿಂದಾಚೆಗೆ ಎಲ್ಲಿ ಹೋದರೂ ಅವಳ ಕಿವಿಗೆ ಅದೊಂದೇ ಮಾತು. ಮನೆ ಓನರಿಗೆ ಸೋರುವ ನಲ್ಲಿಯ ವಿಷಯ ಹೇಳಿದರೆ ನೋಡೋಣ. ಪ್ರೊಫೆಸರಿಗೆ ರಜೆ ಕೇಳಿದರೆ ನೋಡೋಣ. ಭಾನುವಾರ ಅತ್ತೆ ಮನೆಗೆ ಹೋಗ್ತೀಯಾ ಎಂದು ಅಮ್ಮನನ್ನು ಕೇಳಿದರೆ, ಜನ್ಮ ಹೋದರೂ ಹೋಗದ ಅಮ್ಮ, "ನೋಡೋಣ" ಎಂದರು. ಅಡ್ಡಗೋಡೆ ಮೇಲೆ ದೀಪ ಇಡುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಆದರೆ ಸಂಜೆ ಮನೆಗೆ ಹೋಗುವ ನಮಗೆಲ್ಲ ಅದರರ್ಥ ಗೊತ್ತು. ನಲ್ಲಿ ಸೋರುತ್ತಲೇ ಇರುತ್ತದೆ ಎಂದು ಗೊತ್ತಿದ್ದೇ ನಾವು ಕೆಳಗೆ ಬಕೆಟ್ ಇಡುತ್ತೇವೆ. ಒಂದೇ ಒಂದು ಆಸೆ ಇಟ್ಟುಕೊಂಡು ಬಾಗಿಲ ಕಡೆ ಮುಖ ಮಾಡಿ ಕೂತವನು ಮಾತ್ರ, ನೋಡೋಣ ಎಂದರೆ ಯಾರೋ ನಿಜವಾಗಿ ನೋಡುತ್ತಾರೆ ಎಂದೇ ತಿಳಿದು ಕಾಯುತ್ತಾನೆ. ಕಾದು ಕಾದು ಒಂದು ದಿನ ಕೈ ಎತ್ತುತ್ತಾನೆ.

ಇದು ನಿಜವೋ, ತನ್ನ ತಲೆಯಲ್ಲೇ ಹುಟ್ಟಿದ ಚಂದದ ಕಥೆಯೋ? ತಿಳಿಯಬೇಕೆಂಬ ಆಸೆ ಅವಳನ್ನು ಕೂರಲು ಬಿಡಲಿಲ್ಲ. ನೆಟ್ಟಗೆ ದೊಡ್ಡಕ್ಕನ ಕೋಣೆಗೆ ಹೋಗಿ ಕೇಳಿದಳು, "ಅಕ್ಕಾ, ಬಡಗಿ ಮನೆಗೆ ಹೋಗೋದು ಯಾವಾಗ? ನನಗಾದ್ರೂ ನಿಜ ಹೇಳಿ."

ದೊಡ್ಡಕ್ಕ ಬಾಗಿಲು ಮುಂದೆ ಮಾಡಿದರು. "ಹೋಗೋದೇ ಇಲ್ಲ ಕಣಮ್ಮಾ. ಅವನ ಅಣ್ಣ ಫೋನ್ ಮಾಡಿದ್ರು. ಮನೆಗೆ ಬೇಡ ಅಂದ್ರು. ಆಗ್ಲಿಂದ ನನ್ನ ಹೊಟ್ಟೇಲಿಟ್ಟುಕೊಂಡು ತಿರುಗ್ತಿದೀನಿ."

"ಅವನಿಗೆ ಯಾಕೆ ಹೇಳಲಿಲ್ಲ?"

"ಹೇಗಮ್ಮಾ ಹೇಳೋದು? ನೊಂದ್ಕೊಳ್ಳಲ್ವಾ?"

ಕುರ್ಚಿ ಮೇಡಂ ತಾನು ಕಂಡುಕೊಂಡಿದ್ದನ್ನು ತಡವರಿಸುತ್ತಾ ಹೇಳಿದಳು. ದೊಡ್ಡಕ್ಕನ ಮುಖ ಸಣ್ಣದಾಯಿತು. "ಅಂದ್ರೆ ನಾನು ಪೆಟ್ಟು ತಿಂದಿದ್ದು ನನ್ನದೇ ತಪ್ಪು ಅಂತೀಯಾ?"

"ಅಯ್ಯೋ ಇಲ್ಲಕ್ಕಾ, ಕೈ ಎತ್ತಿದ್ದು ಅವರ ತಪ್ಪೇ. ಆದ್ರೆ ನಾನೂ ಅದೇ ಮಾತು ಅಂದೆ, ಸ್ಟೂಲು ಹಾರಿ ಬಂತು. ಇಲ್ಲ ಅನ್ನೋಕೆ ನನಗೂ ಆಗಲಿಲ್ಲ."

ದೊಡ್ಡಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ, "ಅವನು ನೊಂದ್ಕೋತಾನೆ ಅಂತ ಅಲ್ಲ ಕಣೇ. ಅವನು ನೊಂದಿದ್ದನ್ನ ನನಗೆ ನೋಡೋಕಾಗಲ್ಲ, ಅಷ್ಟೇ," ಎಂದರು.

ಇಬ್ಬರೂ ಸೇರಿ ದೊಡ್ಡ ಡಾಕ್ಟರ ಹತ್ತಿರ ಹೋದರು. ಡಾಕ್ಟರಿಗೆ ನಗು ಬಂತು. "ಒಂದು ಮಾತಿನಿಂದ ಏಟು ಬೀಳತ್ತಾ? ಈಗ ನೀವು ಹೋಗಿ ಇಲ್ಲ ಅಂತೀರಿ, ಅವನು ಕೈ ಎತ್ತುತ್ತಾನೆ. ಆಮೇಲೆ ಹಿಂದಿನ ಕಟ್ಟಡಕ್ಕೆ ಕಳಿಸೋನು ನಾನು. ನಿಮ್ಮ ಸಂಶೋಧನೆಗೆ ಅವನು ತಲೆ ಕೊಡಬೇಕಾ?"

ಆ ಮಾತು ಕುರ್ಚಿ ಮೇಡಂಗೆ ಸರಿಯಾಗಿ ನಾಟಿತು. ಡಾಕ್ಟರು ಹೇಳಿದ್ದರಲ್ಲಿ ಸುಳ್ಳೇನಿತ್ತು? ತಪ್ಪಿದರೆ ಅವಳು ಕುರ್ಚಿ ಮಡಚಿಕೊಂಡು ಇನ್ನೊಂದು ಆಸ್ಪತ್ರೆಗೆ ಹೋಗುತ್ತಾಳೆ, ಅವನು ಕಬ್ಬಿಣದ ಬಾಗಿಲಿನ ಒಳಗೆ ಹೋಗುತ್ತಾನೆ. "ಹೇಳದಿದ್ರೂ ಒಂದು ದಿನ ಹೊಡೆದೇ ಹೊಡೀತಾನೆ ಡಾಕ್ಟ್ರೇ. ಮನೆ ಅವನದು, ಸುದ್ದಿ ಅವನದು. ಅವನಿಗೊಬ್ಬನಿಗೆ ಗೊತ್ತಿಲ್ಲ," ಎಂದಳು.

ಡಾಕ್ಟರು ಗಡಿಯಾರ ನೋಡಿದರು, ಪೆನ್ನಿನ ಮುಚ್ಚಳ ಹಾಕಿದರು. "ಸರಿ, ನೋಡೋಣ."

ದೊಡ್ಡಕ್ಕ ಕಿಸಕ್ಕನೆ ನಕ್ಕರು. "ಡಾಕ್ಟ್ರೇ, ಅದು ಹೌದು ಅಂತಾನೋ ಇಲ್ಲ ಅಂತಾನೋ?"

ಸಿಕ್ಕಿಬಿದ್ದ ಡಾಕ್ಟರು ಕೆಮ್ಮಿದರು. "ಹೌದು. ಹೋಗಿ ಹೇಳಿ. ಹೇಳೋದು ನೀವೇ."

ಮಾರನೆಯ ಬೆಳಿಗ್ಗೆ ಬಡಗಿ ಮರಗೆಲಸದ ಕೋಣೆಯಲ್ಲಿ ನೆಲಕ್ಕೆ ಕೂತು ಒಂದು ಮೇಜಿನ ಕಾಲು ಉಜ್ಜುತ್ತಿದ್ದ. ಇಲ್ಲಪ್ಪ ಬಾಗಿಲಲ್ಲಿ ನಿಂತ, ಏನಾದರೂ ಆದರೆ ಎಂದು. ಕುರ್ಚಿ ಮೇಡಂ ಇವತ್ತು ಕೂರಲಿಲ್ಲ, ದೊಡ್ಡಕ್ಕನ ಪಕ್ಕದಲ್ಲೇ ನಿಂತಳು. ಇವನಿಗೆ ಏನೂ ಆಗದಿರಲಿ ಎಂಬುದರ ಹಿಂದೆಯೇ ಏನಾಗುತ್ತದೋ ಎಂಬ ಆಸೆಯೂ ಇಣುಕಿ, ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಅಕ್ಕಾ, ನನ್ನನ್ನ ಮನೆಗೆ..."

"ನೋಡೋ..." ಎಂದು ದೊಡ್ಡಕ್ಕನ ಬಾಯಿ ತಾನಾಗಿಯೇ ಶುರು ಮಾಡಿತು. ಬಡಗಿಯ ಕೈ ನಿಂತಿತು. ದವಡೆ ಬಿಗಿಯುವುದು ಮೂವರಿಗೂ ಕಂಡಿತು. ಇಲ್ಲಪ್ಪ ಒಂದು ಹೆಜ್ಜೆ ಒಳಗಿಟ್ಟ.

ದೊಡ್ಡಕ್ಕ ಅವನ ಎದುರಿಗೆ ನೆಲದ ಮೇಲೇ ಕೂತರು. "ಇಲ್ಲಪ್ಪಾ. ನಿನ್ನನ್ನ ಮನೆಗೆ ಕಳಿಸೋದಿಲ್ಲ. ಈ ವರ್ಷವೂ ಇಲ್ಲ, ಮುಂದೆಯೂ ಇಲ್ಲ. ನಿಮ್ಮಣ್ಣ ಫೋನ್ ಮಾಡಿ ಬೇಡ ಅಂದ್ರು. ಗೊತ್ತಿದ್ದೂ ನಾನು ನಿನಗೆ ಹೇಳಲಿಲ್ಲ."

ಬಡಗಿ ಅವರನ್ನೇ ನೋಡಿದ. ಉಪ್ಪುಕಾಗದ ಕೈಯಲ್ಲಿ ಮುದುಡಿತು. ಕಣ್ಣು ತುಂಬಿ ಸುರಿಯಿತು, ಒರೆಸಿಕೊಳ್ಳಲೂ ಇಲ್ಲ. ದೊಡ್ಡಕ್ಕ ಆ ಮುಖದಿಂದ ಕಣ್ಣು ಕೀಳಲಿಲ್ಲ. ಏನೂ ಆಗಲಿಲ್ಲ, ಅವನು ಅತ್ತ, ಅಷ್ಟೇ. ಕುರ್ಚಿ ಮೇಡಂ ಬರೆದುಕೊಳ್ಳಬೇಕು ಎಂಬುದನ್ನೇ ಮರೆತು ನಿಂತಿದ್ದಳು.

ಅಳು ಇಳಿದ ಮೇಲೆ ಅವನು ಕೇಳಿದ. "ಅಣ್ಣಾನೇ ಮಾತಾಡಿದ್ನಾ?"

"ಹೂಂ, ಅವರೇ."

"ಅವನ ಕೈ ಹೇಗಿದೆ?"

ದೊಡ್ಡಕ್ಕ ಬೆಚ್ಚಿದರು. ಇಲ್ಲಿಗೆ ಬಂದಾಗಿನಿಂದ ಅವನು ಆ ಮಾತು ಎತ್ತಿರಲೇ ಇಲ್ಲ. ಪಶ್ಚಾತ್ತಾಪದ ಸುಳಿವಿಲ್ಲ ಎಂದು ಡಾಕ್ಟರುಗಳು ವರ್ಷವರ್ಷವೂ ಬರೆಯುತ್ತಾ ಬಂದಿದ್ದರು. ಮನೆಗೆ ಯಾವಾಗ ಎಂಬ ಪ್ರಶ್ನೆ ಬಾಗಿಲಿಗೆ ಅಡ್ಡ ನಿಂತಿರುವಾಗ ಇನ್ನೊಂದು ಪ್ರಶ್ನೆ ಹೊರಗೆ ಬರುವುದಾದರೂ ಹೇಗೆ ಎಂದು ಕುರ್ಚಿ ಮೇಡಂಗೆ ಆಗ ಹೊಳೆಯಿತು.

"ಎರಡು ಬೆರಳು ಮಡಚೋಕೆ ಬರಲ್ವಂತೆ," ಎಂದರು ದೊಡ್ಡಕ್ಕ.

"ಬಲಗೈಯದ್ದಾ?"

"ಹೌದು."

"ಉಳಿ ಹಿಡಿಯೋಕಾಗತ್ತಾ?"

"ಇಲ್ಲ."

ಬಡಗಿ ತಲೆ ತಗ್ಗಿಸಿ ಮೇಜಿನ ಕಾಲಿನ ಮೇಲೆ ಕೂತ ಮರದ ಪುಡಿಯನ್ನು ಅಂಗೈಯಿಂದ ಸವರಿದ.

"ಹಾಗಾದ್ರೆ ಬೇಡ ಅಂದಿದ್ದು ಸರಿ ಬಿಡಿ ಅಕ್ಕಾ," ಎಂದ.