ಮಗಳ ಕೈಬರಹದ ಫಾಂಟ್

ಹಲ್ಲಿನ ಡಾಕ್ಟರಮ್ಮನಿಗೆ ಯಾವ ಅಕ್ಷರವೂ ಹಿಡಿಸಲಿಲ್ಲ. ಹೊಸ ಕ್ಲಿನಿಕ್ಕಿನ ಬಾಗಿಲಿಗೆ ಮರದಲ್ಲಿ ಹೆಸರು ಕತ್ತರಿಸಿ ಕೊಡಬೇಕು, ಆದರೆ ಮಷೀನು ಮಾಡಿದ್ದು ಅನ್ನಿಸಬಾರದು. ಲೇಸರ್ ಕಟಿಂಗ್ ಅಂಗಡಿಯ ಒಡತಿ ಅರ್ಧ ಗಂಟೆಯಿಂದ ಫಾಂಟುಗಳನ್ನು ಹುಡುಕಿ, ಇಳಿಸಿ, ಇನ್‌ಸ್ಟಾಲ್ ಮಾಡಿ, ಸಾಫ್ಟ್‌ವೇರ್ ಮುಚ್ಚಿ ತೆರೆದು ತೋರಿಸುತ್ತಲೇ ಇದ್ದಳು. ಒಂದು ತೀರಾ ಸಣಕಲು, ಕತ್ತರಿಸಿದರೆ ಮುರಿದುಹೋಗುತ್ತದೆ. ಇನ್ನೊಂದರಲ್ಲಿ ಒತ್ತಕ್ಷರ ಬಂದಲ್ಲೆಲ್ಲ ಖಾಲಿ ಡಬ್ಬಿಗಳು.

ಮೂಲೆಯಲ್ಲಿ ಕುಂಚಣ್ಣ ಹಲಗೆ ಉಜ್ಜುತ್ತ ಕೂತಿದ್ದ. ಮೂವತ್ತು ವರ್ಷ ಬಣ್ಣದಲ್ಲಿ ಬೋರ್ಡು ಬರೆದವನು. ಬೋರ್ಡಿನ ಕಾಲ ಮುಗಿದ ಮೇಲೆ ಇಲ್ಲಿ ಮರಕ್ಕೆ ಉಪ್ಪುಕಾಗದ ಹಿಡಿದಿದ್ದ.

“ಇನ್ನೂ ಸಿಕ್ಕಿಲ್ವಾ ತಂಗಿ? ನಾನಾಗಿದ್ರೆ ಇಷ್ಟೊತ್ತಿಗೆ ಬರೆದು, ಒಣಗಿಸಿ, ಒಂದು ನಿದ್ದೆನೂ ತೆಗೀತಿದ್ದೆ.”

“ನಿದ್ದೆ ಮೊದಲು ತೆಗೀತಿದ್ರಿ ಅಣ್ಣ, ಬರೆಯೋದು ಆಮೇಲೆ.”

ಕೊನೆಗೆ ಬೇರೆ ದಾರಿ ಕಾಣದೆ ಅವಳು ಪಟ್ಟಿಯ ತಳದಲ್ಲಿದ್ದ ಫಾಂಟನ್ನು ಒತ್ತಿದಳು. ಡಾಕ್ಟರಮ್ಮನ ಮುಖ ಅರಳಿತು. “ಇದೇ. ಯಾರದು ಇದು?”

“ನನ್ನ ಮಗಳ ಕೈಬರಹ,” ಎಂದಳು ಒಡತಿ. ಹೇಳುವಾಗ ಕೊರಳು ತಾನಾಗಿ ನೆಟ್ಟಗಾಯಿತು.

ಮಗಳ ಮದುವೆಗೆ ಮುಂಚೆ ಒಡತಿಯೇ ಮಾಡಿದ ಫಾಂಟು ಅದು. ಅಕ್ಷರಕ್ಕೊಂದು ಚೌಕ ಇರುವ ಹಾಳೆ ಕೊಟ್ಟು ಬರೆಸಿ, ಸ್ಕ್ಯಾನ್ ಮಾಡಿ, ಒಂದೊಂದೇ ಗೆರೆಯನ್ನು ತಿದ್ದಿದ್ದಳು. ಮಗಳು ಚಿಕ್ಕಂದಿನಿಂದಲೂ ಸೊನ್ನೆ ಮುಚ್ಚುವವಳಲ್ಲ, ಎಲ್ಲ ಸುತ್ತುಗಳಲ್ಲೂ ಒಂದು ಸಂದು ಬಿಡುವವಳು. ಶಾಲೆಯಲ್ಲಿ ಅದಕ್ಕೇ ಬೈಸಿಕೊಂಡಳು. ಆದರೆ ಲೇಸರಿಗೆ ಹೇಳಿ ಮಾಡಿಸಿದ ಹಾಗಿತ್ತು: ಸುತ್ತು ಮುಚ್ಚಿದ್ದರೆ ಒಳಗಿನ ತುಂಡು ಕಳಚಿ ಬೀಳುತ್ತದೆ, ಸಂದು ಇದ್ದರೆ ನಿಲ್ಲುತ್ತದೆ. ‘ರ’ ಬರೆಯುವಾಗ ಪೆನ್ನು ಕಾಗದಕ್ಕೆ ಸಿಕ್ಕಿ ಹೊಟ್ಟೆಯ ಮೇಲೊಂದು ಮುಳ್ಳು ಎದ್ದಿತ್ತು. ಇರಲಿ, ಮಗಳ ಕೈಯಲ್ಲವೇ ಎಂದು ತಾಯಿ ಅದನ್ನು ತೆಗೆಯಲಿಲ್ಲ. ‘ಢ’ದ ಚೌಕ ಮಾತ್ರ ಖಾಲಿ ಉಳಿದಿತ್ತು. “ಅದನ್ನ ಯಾರಮ್ಮ ಬರೀತಾರೆ, ನನಗೆ ಬಸ್ಸಿಗೆ ಹೊತ್ತಾಯ್ತು,” ಎಂದು ಹುಡುಗಿ ಓಡಿದ್ದಳು. ತಾಯಿಯೇ ಒಂದು ಢ ಬರೆದು ತುಂಬಿಸಿದ್ದಳು. ಕೆಳಗಿನ ಗೀಟನ್ನು ಬಾಲದಂತೆ ಬಲಕ್ಕೆ ಎಳೆಯುವುದು ಅವಳ ಅಭ್ಯಾಸ.

ಅದೇ ಅಕ್ಷರಗಳಲ್ಲಿ ದಂಪತಿಗಳ ಹೆಸರು ಕತ್ತರಿಸಿ, ಹೊಸ ಮನೆಯ ಬಾಗಿಲಿಗೆ ಉಡುಗೊರೆ ಕೊಟ್ಟಿದ್ದಳು. ಅಳಿಯ ಮೆಚ್ಚಿ, ಆ ಫಾಂಟಿನ ಫೈಲನ್ನೂ ಕೇಳಿ ಪಡೆದ. ಅವನದು ಅಂಥದೇ ಕಸುಬು: ಪೆನ್ನು ಹಿಡಿದ ಸಣ್ಣ ಮಷೀನಿನಲ್ಲಿ, ಕೈಯಲ್ಲಿ ಬರೆದಂತೆ ಕಾಣುವ ಕಾರ್ಡುಗಳನ್ನು ಕಂಪನಿಗಳಿಗೆ ಬರೆದುಕೊಡುವುದು. ಹೇಗೆ ಇನ್‌ಸ್ಟಾಲ್ ಮಾಡುವುದೆಂದು ಅತ್ತೆಯೇ ಫೋನಿನಲ್ಲಿ ಒಂದೊಂದೇ ಹೆಜ್ಜೆ ಹೇಳಿಕೊಟ್ಟಿದ್ದಳು.

ಡಾಕ್ಟರಮ್ಮ ಹೋದ ಹಿಂದೆಯೇ ಅಂಚೆಯವನು ಬಂದ. ಮಗಳ ಒಂಬತ್ತನೆಯ ಕಾಗದ. ಎರಡು ತಿಂಗಳ ಹಿಂದೆ ಮಗಳ ಫೋನು ನೀರಿಗೆ ಬಿತ್ತಂತೆ. ಕಣ್ಣಿಗೆ ತೊಂದರೆಯಾಗಿ ಫೋನಿನ ಪರದೆ ನೋಡಬಾರದು ಎಂದು ಡಾಕ್ಟರು ಹೇಳಿದರಂತೆ. ಅಳಿಯ ಹೇಳಿದ್ದು. ಅವನ ಫೋನಿಗೆ ಮಾಡಿದರೆ ಸ್ನಾನಕ್ಕೆ ಹೋಗಿದಾಳೆ, ಮಲಗಿದಾಳೆ ಎಂದು ಏನಾದರೊಂದು. ಅಂದಿನಿಂದ ವಾರಕ್ಕೊಂದು ಕಾಗದ. ತಾಯಿ ಪ್ರತಿ ಸಲವೂ ಒಲೆಯ ಮುಂದೆ ನಿಂತು, ಒಂದು ಕೈಯಲ್ಲಿ ಸೌಟು ಹಿಡಿದೇ ಓದಿ, ಸಮಾಧಾನದಿಂದ ಮಡಚಿಡುತ್ತಿದ್ದಳು. ಹೋಗಿ ನೋಡಬೇಕೆಂದು ಹೊರಟಾಗೆಲ್ಲ ಕೈತುಂಬ ಕೆಲಸ. ಕಾಗದದಲ್ಲೂ ಅದೇ ಮಾತು: ಈಗ ಬರಬೇಡ.

ಇವತ್ತು ಕಾಗದವನ್ನು ಮೇಜಿನ ಮೇಲೆ ಬಿಚ್ಚಿಟ್ಟಳು. ಕುಂಚಣ್ಣ ಕೈಯ ಪುಡಿ ಕೊಡವಿಕೊಂಡು ಹತ್ತಿರ ಬಂದು ಬಗ್ಗಿದ. ಓದಲಿಲ್ಲ, ಬರೀ ನೋಡಿದ. ಅವನು ಅಕ್ಷರ ನೋಡುವ ರೀತಿಯೇ ಹಾಗೆ, ದನದ ಹಲ್ಲು ನೋಡುವವರ ಹಾಗೆ.

“ಮಗಳ ಫಾಂಟಲ್ಲಿ ಪ್ರಿಂಟ್ ಹಾಕಿದೀಯಾ?”

“ಇಲ್ಲ ಅಣ್ಣ, ಅವಳೇ ಬರೆದ ಕಾಗದ. ಶಾಯಿ ನೋಡಿ, ಹಿಂದುಗಡೆ ಒತ್ತಿದೆ.”

“ಶಾಯಿ ಇರಬಹುದು.” ಅವನು ಬೆರಳಿಟ್ಟ. “ಮೂವತ್ತು ವರ್ಷದಲ್ಲಿ ನನ್ನ ಕೈಯಲ್ಲಿ ಎರಡು ರ ಒಂದೇ ಥರ ಬಂದಿಲ್ಲ. ಕುಡಿದಾಗಲೂ ಬಂದಿಲ್ಲ, ಬಿಟ್ಟಾಗಲೂ ಬಂದಿಲ್ಲ. ಇಲ್ಲಿ ನೋಡು, ಹನ್ನೊಂದು ರ ಇದೆ.”

ಹನ್ನೊಂದಕ್ಕೂ ಹೊಟ್ಟೆಯ ಮೇಲೆ ಅದೇ ಜಾಗದಲ್ಲಿ ಅದೇ ಮುಳ್ಳು.

ಅವಳು ನಗಲು ನೋಡಿದಳು, ಬಾಯಿ ಕೇಳಲಿಲ್ಲ. ಚೀಲದಲ್ಲಿ ಜೋಪಾನವಾಗಿಟ್ಟಿದ್ದ ಕಾಗದಗಳಲ್ಲಿ ಹೋದ ವಾರದ್ದನ್ನು ತೆಗೆದು, ಎರಡನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ‘ಅಮ್ಮಾ, ನಾನು ಇಲ್ಲಿ ಆರಾಮಾಗಿದ್ದೇನೆ.’ ಎರಡು ವಾರಗಳ ಎರಡು ಸಾಲು ಬೆಳಕಿನಲ್ಲಿ ಒಂದೇ ಸಾಲಾಯಿತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಮುಂದಿನ ಸಾಲು ಹೊಸದು. ‘ರಾತ್ರಿ ಗಾಢ ನಿದ್ದೆ ಬರುತ್ತದೆ, ನೀನು ಯೋಚನೆ ಮಾಡಬೇಡ.’

ಆ ಢದ ಬಾಲ ಬಲಕ್ಕೆ ಎಳೆದಿತ್ತು. ಅದು ಮಗಳ ಅಕ್ಷರ ಅಲ್ಲವೇ ಅಲ್ಲ. ಅದು ತಾನೇ ಬರೆದು ತುಂಬಿಸಿದ್ದು. ಮಗಳ ಕಾಗದದ ನಡುವಿನಿಂದ ಅವಳದೇ ಕೈ ಅವಳನ್ನು ನೋಡುತ್ತಿತ್ತು.

ಫೋನು ಮೂರನೆಯ ಸಲ ಹೊಡೆದ ಮೇಲೆ ಅಳಿಯ ಎತ್ತಿಕೊಂಡ.

“ಹೇಳಿ ಅತ್ತೆ. ಕಾಗದ ಬಂತಾ?”

“ಬಂತು. ಅವಳ ಹತ್ತಿರ ಒಂದು ಮಾತಾಡಬೇಕಿತ್ತು.”

“ಮಲಗಿದಾಳೆ.”

“ಹಗಲು ಹನ್ನೊಂದು ಗಂಟೆಗಾ?”

“ರೆಸ್ಟ್ ಬೇಕು ಅಂದಿದಾರಲ್ಲ. ಏನಿದ್ರೂ ಹೇಳಿ, ಗುರುವಾರದ ಕಾಗದದಲ್ಲಿ ಉತ್ತರ ಬರೀತಾಳೆ.”

ಅವನ ದನಿಯಲ್ಲಿ ಎಂದಿನ ವಿನಯವೇ ಇತ್ತು. ಅದರ ಹಿಂದೆ ಪೆನ್ನು ಕಾಗದದ ಮೇಲೆ ಪರಪರ ಎಳೆಯುವ ಸದ್ದು ನಿಲ್ಲದೆ ಕೇಳುತ್ತಿತ್ತು.

“ಏನಿಲ್ಲಪ್ಪ, ಸುಮ್ಮನೆ ಕೇಳ್ದೆ,” ಎಂದು ಅವಳು ಫೋನಿಟ್ಟಳು. ಎರಡೂ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿದಳು.

ಕುಂಚಣ್ಣ ಆಗಲೇ ಅಂಗಿ ಬದಲಿಸಿ, ಲೇಸರಿನ ಸ್ವಿಚ್ಚು ಆರಿಸಿದ್ದ. “ಬಸ್ಸಲ್ಲಿ ನಾಲ್ಕು ಗಂಟೆ ದಾರಿ. ಹೊರಡು.”

“ಡಾಕ್ಟರಮ್ಮನ ಬೋರ್ಡು?”

“ಹಲ್ಲು ಎಲ್ಲಿಗೂ ಓಡಿಹೋಗಲ್ಲ ತಂಗಿ.”

ದಾರಿಯುದ್ದಕ್ಕೂ ಒಂಬತ್ತು ಕಾಗದಗಳು ಅವಳ ಮಡಿಲಲ್ಲಿದ್ದವು. ಒಂಬತ್ತು ವಾರ. ಬೇಡವೆಂದರೂ ಲೆಕ್ಕ ಮನಸ್ಸಿನಲ್ಲಿ ತಾನೇ ಓಡುತ್ತಿತ್ತು: ಮೊದಲ ಕಾಗದ ಬಂದ ದಿನ ತಾನು ಏನು ಕತ್ತರಿಸುತ್ತಿದ್ದೆ, ಎರಡನೆಯದು ಬಂದ ದಿನ ಏನು.

ಮಗಳ ಮನೆಯ ಬಾಗಿಲಲ್ಲಿ ಅವಳು ಕತ್ತರಿಸಿದ ಹಲಗೆ ಹಾಗೇ ಇತ್ತು, ಇಬ್ಬರ ಹೆಸರೂ ಮಗಳ ಅಕ್ಷರದಲ್ಲಿ. ಬಾಗಿಲು ತೆರೆದ ಅಳಿಯ ಅವಳನ್ನೂ ಅವಳ ಹಿಂದಿದ್ದ ಕುಂಚಣ್ಣನನ್ನೂ ನೋಡಿದ. ಆಮೇಲೆ ನಕ್ಕ.

“ಹೇಳಿ ಬರೋದಲ್ವಾ ಅತ್ತೆ?”

“ಬಸ್ಸು ಸಿಕ್ತು, ಬಂದೆ.” ಅವಳು ಅವನ ಪಕ್ಕದಿಂದ ನುಸುಳಿ ಒಳಗೆ ಹೋದಳು. ಕುಂಚಣ್ಣ ಒಳಗೆ ಬರಲಿಲ್ಲ. ಹೊಸ್ತಿಲ ಮೇಲೆ ಒಂದು ಕಾಲಿಟ್ಟು, ಬಾಗಿಲು ಮುಚ್ಚದಂತೆ ನಿಂತು, ಪೊಲೀಸರಿಗೆ ಫೋನು ಹಚ್ಚಿದ.

ಮೇಜಿನ ಮೇಲೆ ಮಷೀನು ತನ್ನ ಪಾಡಿಗೆ ತಾನು ಬರೆಯುತ್ತಿತ್ತು. ಪಕ್ಕದಲ್ಲಿ ಲಕೋಟೆಗಳ ಕಟ್ಟು, ಎಲ್ಲದರ ಮೇಲೂ ಅವಳ ವಿಳಾಸ. ಒಂದೊಂದು ಲಕೋಟೆಯ ಮೂಲೆಯಲ್ಲೂ ಪೆನ್ಸಿಲಿನಲ್ಲಿ ಬರೆದ ತಾರೀಕುಗಳು: ಮುಂದಿನ ವಾರ, ಮುಂದಿನ ತಿಂಗಳು, ಮುಂದಿನ ವರ್ಷ.

“ಅವಳು ಎಲ್ಲಿ?”

“ಮಲಗಿದಾಳೆ ಅಂದ್ನಲ್ಲ.” ಅವನು ಒಳಗಿನ ಕೋಣೆಗೆ ಬೆನ್ನು ಕೊಟ್ಟು ನಿಂತ. ಕೋಣೆಯ ಚಿಲಕ ಹೊರಗಿನಿಂದ ಹಾಕಿತ್ತು.

“ಹಾಗಾದ್ರೆ ಏಳೋ ತನಕ ಕೂತಿರ್ತೀನಿ,” ಎಂದು ಅವಳು ಬೇಕೆಂದೇ ಗಟ್ಟಿಯಾಗಿ ಹೇಳಿ, ಕೋಣೆಯ ಬಾಗಿಲ ಎದುರು ನೆಲದ ಮೇಲೆ ಕೂತಳು.

ಮಷೀನು ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ಇಳಿಯಿತು. ಅಷ್ಟರಲ್ಲಿ ಅಳಿಯನ ಕಾಲುಗಳ ನಡುವೆ, ಬಾಗಿಲ ಕೆಳಗಿನ ಸಂದಿಯಿಂದ, ಯಾವುದೋ ಡಬ್ಬದಿಂದ ಹರಿದ ರಟ್ಟಿನ ಚೂರೊಂದು ಮೆಲ್ಲಗೆ ಹೊರಗೆ ಸರಿಯಿತು. ಅವನು ಬಗ್ಗುವ ಮೊದಲೇ ಅವಳ ಕೈ ಅದರ ಮೇಲಿತ್ತು.

ಬರೆದದ್ದಲ್ಲ, ಉಗುರಿನಲ್ಲಿ ಗೀರಿದ್ದು. ‘ಅಮ್ಮಾ ಅಮ್ಮಾ ಅಮ್ಮಾ.’

ಒಂದು ದೊಡ್ಡದು, ಒಂದು ಚಿಕ್ಕದು, ಒಂದು ಅರ್ಧಕ್ಕೇ ಜಾರಿ ಅಂಚಿಗೆ ಹೋಗಿತ್ತು. ಮೂರರಲ್ಲಿ ಯಾವುದೂ ಇನ್ನೊಂದರ ಹಾಗಿರಲಿಲ್ಲ.