ಮಲ್ಲಿಗೆಗೆ ಎರೆದ ನೀರು

ಹೊಳೆಯ ಬದು ಒಡೆದು, ಉಬ್ಬರದ ಉಪ್ಪುನೀರು ಫೌಸ್ಟಿನ್‌ನ ಗದ್ದೆಗೆ ನುಗ್ಗಿದ್ದು ಮಾರ್ಚಿನಲ್ಲಿ. ಗದ್ದೆ ಒಣಗಿದ ಮೇಲೆ ನಡುವೆ ಬಿಳಿ ಪೊರೆ ಕಟ್ಟಿತು. ಅಲ್ಲಿ ಒಂದು ಕಡ್ಡಿಯೂ ಹುಟ್ಟಲಿಲ್ಲ. ಅದರ ಸುತ್ತ ದಪ್ಪ ಎಲೆಯ ಕೆಂಪು ಬಳ್ಳಿ, ಅದರಾಚೆ ಮಾತ್ರ ಹುಲ್ಲು.

"ಕುವೈತಿನಲ್ಲಿಯೂ ಹೀಗೆಯೇ," ಎಂದ ಅವನು, ಹೆಂಡತಿ ಆನ್ಸಿಲ್ಲಾಳಿಗೆ. ಇಪ್ಪತ್ತೆರಡು ವರ್ಷ ಅಲ್ಲಿನ ಮರಳಿನಲ್ಲಿ ತೋಟ ಬೆಳೆಸಿದವನು. "ಗಿಡ ನೋಡಿಯೇ ಉಪ್ಪು ಎಷ್ಟು ಉಂಟು ಹೇಳ್ತೇನೆ. ಸಿಹಿನೀರು ನಿಲ್ಲಿಸಿ ತೊಳೆದರೆ ಆಯಿತು."

ಅಲ್ಲಿ ನೀರು ದೂರದಿಂದ ಪೈಪಿನಲ್ಲಿ ಬರುತ್ತಿತ್ತು. ಇಲ್ಲಿದ್ದದ್ದು ಒಂದೇ ಬಾವಿ. ನೆರೆಮನೆಯ ಸ್ವರ್ಣಲತಾ ತನ್ನ ನಲವತ್ತು ಮಲ್ಲಿಗೆ ಗಿಡಗಳಿಗೆ ಎರೆಯುತ್ತಿದ್ದದ್ದೂ ಅದರ ನೀರನ್ನೇ. ಮಗಳು ಮೋಕ್ಷಾಳ ಕಾಲೇಜು ನಡೆಯುತ್ತಿದ್ದದ್ದು ಆ ಗಿಡಗಳಿಂದ. ಗದ್ದೆ ತೊಳೆಯಲು ಒಂಬತ್ತು ದಿನ ಹಗಲಿಡೀ ಫೌಸ್ಟಿನ್‌ನ ಪಂಪು ಓಡಿತು. ಬರಿದಾದ ಬಾವಿಗೆ ಹೊಳೆಯ ಉಪ್ಪು ಮೆಲ್ಲನೆ ಒಸರಿತು.

ಹತ್ತನೆಯ ಬೆಳಿಗ್ಗೆ ಆನ್ಸಿಲ್ಲಾಳ ಚಹಾದಲ್ಲಿ ಹಾಲು ಒಡೆಯಿತು. ನೀರನ್ನು ನಾಲಗೆಗೆ ಮುಟ್ಟಿಸಿ ನೋಡಿದವಳು ನೇರ ಮಲ್ಲಿಗೆಯ ಬಳಿ ಹೋದಳು. ಎಲೆಗಳ ಅಂಚು ಇಸ್ತ್ರಿಪೆಟ್ಟಿಗೆ ತಾಗಿದ ಹಾಗೆ ಕಂದಿತ್ತು. ಸ್ವರ್ಣಲತಾ ರಸ್ತೆಯ ನಳ್ಳಿಯಿಂದ ಕೊಡಪಾನ ಹೊತ್ತು ಬರುತ್ತಿದ್ದಳು.

"ನಿನಗೆ ಗೊತ್ತಿತ್ತಾ?"

"ನಾಲ್ಕು ದಿನ ಆಯಿತು ಬಾಯಮ್ಮ. ನಮ್ಮನೆಯವರು ಸಾರಿಗೆ ಉಪ್ಪು ಕಡಿಮೆ ಅಂತ ಬೊಬ್ಬೆ ಹೊಡೆಯುವುದು ನಿಂತಾಗಲೇ ಗೊತ್ತಾಯಿತು."

ಆನ್ಸಿಲ್ಲಾಳಿಗೆ ನಗು ಬರಲಿಲ್ಲ. "ಹೇಳಬೇಕಿತ್ತು ಮಾರಾಯ್ತಿ."

"ಹಾರ್ಟಿನ ಆಪರೇಷನ್ ಆದ ಮೇಲೆ ನಿಮ್ಮ ಯಜಮಾನರು, ಪೊರ್ಬುಗಳು, ನಗಾಡಿದ್ದನ್ನು ನಾನು ಕಂಡದ್ದು ಈ ಒಂಬತ್ತು ದಿನ ಮಾತ್ರ. ಎಂತ ಅಂತ ಹೇಳುವುದು?"

ಹೇಳಿದ್ದು ಆನ್ಸಿಲ್ಲಾ. ಫೌಸ್ಟಿನ್ ಅರ್ಧ ಕೇಳುವಾಗಲೇ ಎದ್ದು ಪಂಪು ನಿಲ್ಲಿಸಿದ. ಮಲ್ಲಿಗೆಯ ಸಾಲಿಗೆ ಬಂದು ಒಂದೊಂದೇ ಗಿಡದ ಎಲೆ ಮಗುಚಿ ನೋಡುತ್ತಾ ಹೋದ. ಆ ಗಿಡಗಳು ಏನು ಹೇಳುತ್ತಿವೆ ಎಂದು ಅವನಿಗೆ ಬೇರೆ ಯಾರೂ ತಿಳಿಸಬೇಕಿರಲಿಲ್ಲ.

"ಮಳೆ ಬರಲಿ ಪೊರ್ಬುಗಳೇ," ಎಂದಳು ಸ್ವರ್ಣಲತಾ.

"ಮಳೆಗೆ ಬಾವಿ ಸರಿಯಾದೀತು. ಇವು ಅಷ್ಟು ದಿನ ಕಾಯುವುದಿಲ್ಲ."

ಅವಳು ಒಳಗೆ ಹೋಗಿ ಸ್ಟೂಲು ತಂದು ಅವನ ಹಿಂದೆ ನೆರಳಿನಲ್ಲಿಟ್ಟಳು. ಅವನು ಕೂರಲಿಲ್ಲ. ಅವಳೂ ಅದನ್ನು ಒಳಗೆ ಒಯ್ಯಲಿಲ್ಲ.